ಒಂದು ಮೊಳ ತಂತಿ

ಮೂವತ್ತನಾಲ್ಕು ವರ್ಷ ಹುಡುಗರಿಗೆ ಸಂಸ್ಕೃತ ವ್ಯಾಕರಣವನ್ನು ಬೋಧಿಸಿ ವಿಶ್ರಾಂತಿ ಪಡೆದ ನಾವು ಕಂಪ್ಯೂಟರಿನ ಹೊಟ್ಟೆಯನ್ನು ಬಿಚ್ಚಲು ಹೊರಟದ್ದೇಕೆಂದು ವಾಚಕರು ಕೇಳಬಹುದು. ಕಾರಣ, ನಮ್ಮ ಅಕ್ಕನ ಹಾಡುಗಳು. 2014ರ ಬೇಸಗೆಯಲ್ಲಿ ಆಕೆ ತುಮಕೂರಿಗೆ ನಮ್ಮ ಮನೆಗೆ ಬಂದಿದ್ದಾಗ, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಹೀಗೆ ಅರುವತ್ತಕ್ಕೆ ಮೇಲ್ಪಟ್ಟು ಹಾಡಿಸಿ, ಧ್ವನಿಮುದ್ರಿಸಿ, ನಮ್ಮ ಮೇಜಿನ ಮೇಲಣ ಯಂತ್ರದಲ್ಲಿ ಇಟ್ಟಿದ್ದೆವು. 2019ರಲ್ಲಿ ಆಕೆ ತೀರಿಕೊಂಡಳು. ಆ ಹಾಡುಗಳನ್ನು ಯಾರೂ ಬರೆದಿಟ್ಟವರಲ್ಲ. ಆಕೆಯ ಕಂಠದಲ್ಲಿದ್ದವು, ಆಮೇಲೆ ಆ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಉಳಿದುವು.

ಕಳೆದ ವರ್ಷ ಆ ಡಿಸ್ಕು ಗೋಡೆಯ ಹಲ್ಲಿಯಂತೆ ಲೊಚಗುಟ್ಟತೊಡಗಿತು. ಹಾಡುಗಳನ್ನು ಪೆನ್‌ಡ್ರೈವಿಗೆ ಇಳಿಸಲು ಕುಳಿತರೆ ಯಂತ್ರವು ನಡುವೆಯೇ ಸ್ತಬ್ಧವಾಗುತ್ತಿತ್ತು. ಪುಣೆಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಫೋನಿನಲ್ಲಿ, "ಅಪ್ಪಾ, ಹೊಸದೊಂದು ಎಸ್.ಎಸ್.ಡಿ. ತರಿಸಿ ಅದರಿಂದ ಯಂತ್ರವನ್ನು ನಡೆಸಿ, ಹಳೆಯದನ್ನು ಪಕ್ಕದಲ್ಲಿಟ್ಟು ಹಾಡುಗಳನ್ನು ಈಚೆಗೆ ತೆಗೆದುಕೊಳ್ಳಿ. ಹತ್ತು ನಿಮಿಷದ ಕೆಲಸ," ಎಂದನು. ಹತ್ತು ನಿಮಿಷದ ಕೆಲಸವೆಂದು ಮಕ್ಕಳು ಹೇಳಿದ ಯಾವುದೂ ನಮ್ಮ ಮನೆಯಲ್ಲಿ ಒಂದು ಪಕ್ಷದೊಳಗೆ ಮುಗಿದುದಿಲ್ಲ. ಆದರೂ ತರಿಸಿದೆವು.

ಪೆಟ್ಟಿಗೆ ಬಂದಿತು. ಒಳಗೆ ಎರಡೂವರೆ ಅಂಗುಲವೆಂದು ಕರೆಯಲ್ಪಡುವ, ಏಳು ಮಿಲಿಮೀಟರ್ ದಪ್ಪದ ತೆಳು ಬಿಲ್ಲೆ, ಕನ್ನಡವೊಂದನ್ನು ಬಿಟ್ಟು ಹಲವು ಭಾಷೆಗಳಲ್ಲಿ ಅಚ್ಚಾದ ಮಡಿಕೆಯ ಕಾಗದ, ಮತ್ತೇನೂ ಇಲ್ಲ. ಬಿಲ್ಲೆಯ ಅಂಚಿನಲ್ಲಿ ಎರಡು ಬಾಯಿಗಳಿದ್ದುವು. ಏಳು ಹಲ್ಲಿನ ಕಿರಿದಾದ ಬಾಯಿ ಮಾಹಿತಿಗೆ, ಹದಿನೈದು ಹಲ್ಲಿನ ಅಗಲವಾದುದು ವಿದ್ಯುತ್ತಿಗೆ. ಎರಡಕ್ಕೂ ತಂತಿಯಿಲ್ಲ. ಬಿಗಿಯುವ ತಿರುಪು ಕೂಡ ಇಲ್ಲ. ಅದು ಹೋಗಲಿ, ಒಳಗೆ ತಿರುಗುವ ಭಾಗವೇ ಇಲ್ಲದ ವಸ್ತುವಾದ್ದರಿಂದ ದಾರದಿಂದ ಮೂಲೆಗೆ ಕಟ್ಟಿದರೂ ನಡೆಯುತ್ತದೆ.

ಮೊದಲು ಮಾರಿದವರ ಮೇಲೆ ಸಿಟ್ಟು ಬಂದಿತು. ಆಮೇಲೆ ವಿಚಾರಿಸಲು ಅವರದೂ ಒಂದು ನ್ಯಾಯವುಂಟೆಂದು ತಿಳಿಯಿತು. ಈ ಬಿಲ್ಲೆಗಳನ್ನು ಲ್ಯಾಪ್‌ಟಾಪಿಗೆ ಹಾಕುವವರು ಅನೇಕರು. ಅಲ್ಲಿ ಅದು ನೇರವಾಗಿ ತನ್ನ ಗೂಡಿಗೆ ಸೇರುತ್ತದೆ, ತಂತಿಯೇ ಬೇಡ. ರಾಶಿಯಾಗಿ ಕೊಂಡು ಯಂತ್ರ ಜೋಡಿಸುವವರ ಬಳಿ ತಂತಿಗಳು ಹೊರೆಹೊರೆಯಾಗಿ ಬಿದ್ದಿರುತ್ತವೆ. ಜೀವಮಾನದಲ್ಲಿ ಒಂದೇ ಒಂದನ್ನು ಕೊಳ್ಳುವ ನಮ್ಮಂಥವರು ಅವರ ಲೆಕ್ಕಕ್ಕೆ ಬರುವುದಿಲ್ಲ. ಆದರೂ "ತಂತಿಯನ್ನು ಬೇರೆ ಕೊಳ್ಳಬೇಕು" ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕಿಸಲು ಎಷ್ಟು ಮಸಿ ಬೇಕು?

ತರ್ಕಸಂಗ್ರಹವನ್ನು ಓದಿದವರಿಗೆ ಗೊತ್ತು: ದನ, ಕುದುರೆ, ಮನುಷ್ಯ, ಆನೆ ಎಂದು ಪದಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ವಾಕ್ಯವಾಗುವುದಿಲ್ಲ, ಒಂದು ಮತ್ತೊಂದನ್ನು ಬಯಸುವ ಆಕಾಂಕ್ಷೆ ಬೇಕು. ನಮ್ಮ ಮೇಜಿನ ಮೇಲೆ ಅಂದು ದನವೂ ಆನೆಯೂ ಕುಳಿತಿದ್ದುವು.

ಪೇಟೆಯ ಅಂಗಡಿಯಲ್ಲಿ ಮಾಹಿತಿಯ ತಂತಿ ಸಿಕ್ಕಿತು. ಒಂದು ಮೊಳ ಉದ್ದ, ನೂರಿಪ್ಪತ್ತು ರೂಪಾಯಿ. ಆಟೋಗೆ ಕೊಟ್ಟದ್ದು ಅದಕ್ಕಿಂತ ಹೆಚ್ಚು. ವಿದ್ಯುತ್ತಿನ ತಂತಿ ಮಾತ್ರ ಅವರಲ್ಲಿರಲಿಲ್ಲ. ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಸಿಡಿಲಿಗೆ ಯಂತ್ರದ ಪವರ್ ಸಪ್ಲೈ ಸುಟ್ಟು, ಬೇರೊಂದನ್ನು ಹಾಕಿಸಿದ್ದೆವು. ಅದು ಬೇಕಾದ ತಂತಿಗಳನ್ನು ಮಾತ್ರ ಸಿಕ್ಕಿಸಿಕೊಳ್ಳುವ ಜಾತಿಯದು. ಉಳಿದ ತಂತಿಗಳು ಚೀಲವೊಂದರಲ್ಲಿ ಬಂದಿದ್ದುವು. ಆಯುಧಪೂಜೆಗೆ ಮನೆ ಗುಡಿಸುವಾಗ ಆ ಚೀಲವನ್ನು ನಮ್ಮ ಕೈಯಿಂದಲೇ ಗುಜರಿಯವನಿಗೆ ಕೊಟ್ಟಿದ್ದೆವು.

ನೆರೆಮನೆಯ ಹುಡುಗನು ತನ್ನ ಹಳೆಯ ಯಂತ್ರದಿಂದ ಅಂಥದೇ ಒಂದು ತಂತಿಯನ್ನು ತಂದುಕೊಟ್ಟನು. ಒಂದು ತುದಿ ಬಿಲ್ಲೆಗೆ, ಇನ್ನೊಂದು ತುದಿ ನಮ್ಮ ಪವರ್ ಸಪ್ಲೈಗೆ, ಅಳತೆ ಕೊಟ್ಟು ಮಾಡಿಸಿದಂತೆ ಕುಳಿತುವು. ನಾವು ಗುಂಡಿಗೆ ಕೈಚಾಚಿದಾಗ ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಿಂದ, "ಅತ್ತಿಗೆಯವರ ಹಾಡಿರುವುದನ್ನು ಮೊದಲು ಬಿಚ್ಚಿ ಈಚೆಗೆ ತೆಗೆಯಿರಿ. ಆಮೇಲೆ ನಿಮ್ಮ ಪ್ರಯೋಗ ಏನಿದ್ದರೂ ಮಾಡಿಕೊಳ್ಳಿ," ಎಂದರು. ಹೊಸದನ್ನು ಯಂತ್ರವು ಗುರುತಿಸುವುದೇ ಎಂದಷ್ಟೇ ನೋಡಬೇಕಾಗಿತ್ತು. ಹಳೆಯದರ ಅವಶ್ಯಕತೆ ಇನ್ನೂ ಇರಲಿಲ್ಲ. ಆದರೂ ಹೆಂಗಸರ ಅಂಜಿಕೆಯೆಂದು ಒಳಗೊಳಗೇ ನಕ್ಕೇ ಅದನ್ನು ಬಿಚ್ಚಿಕೊಟ್ಟೆವು. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಗುಂಡಿ ಒತ್ತಿದೆವು. ಸುಟ್ಟ ವಾಸನೆಯೊಂದು ಸಣ್ಣಗೆ ಎದ್ದಿತು. ಅಷ್ಟೆ. ಹೊಸ ಬಿಲ್ಲೆ ಮತ್ತೆ ಎಚ್ಚರಾಗಲಿಲ್ಲ.

ಮರುವಾರ ಪವರ್ ಸಪ್ಲೈಯನ್ನೂ ಆ ತಂತಿಯನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿ, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋದೆವು. ಒಂದು ಕಿರಿದಾದ ಅಂಗಡಿಯಲ್ಲಿದ್ದ ತರುಣನು ಮೀಟರನ್ನು ಹಿಡಿದು ತೋರಿಸಿದನು. ಬಿಲ್ಲೆಯ ಕಡೆಯ ತುದಿ ಎಲ್ಲರಲ್ಲಿಯೂ ಒಂದೇ ಕ್ರಮ, ಅದಕ್ಕೆ ಕಟ್ಟುಪಾಡುಂಟು. ಪವರ್ ಸಪ್ಲೈಯ ಕಡೆಯ ತುದಿಗೆ ಅಂಥ ಕಟ್ಟುಪಾಡಿಲ್ಲ. ತಯಾರಕರು ತಮತಮಗೆ ತೋರಿದಂತೆ ಜೋಡಿಸುತ್ತಾರೆ, ಒಬ್ಬರದೇ ಎರಡು ಮಾದರಿಗಳಲ್ಲಿಯೂ ವ್ಯತ್ಯಾಸವಿರಬಹುದು. ಐದು ವೋಲ್ಟು ಬರಬೇಕಾದಲ್ಲಿ ನಮ್ಮ ಬಿಲ್ಲೆಗೆ ಹನ್ನೆರಡು ಹೋಗಿತ್ತು. "ಕೂತ್ಕೊಳ್ಳುತ್ತೆ ಅಂತ ಹಾಕ್ಬಾರ್ದು ಸಾರ್," ಎಂದನು. ಬೆಂಕಿಯಿಂದ ನೆನೆಸು ಎಂಬ ವಾಕ್ಯಕ್ಕೆ ವ್ಯಾಕರಣದ ದೋಷವಿಲ್ಲ, ಯೋಗ್ಯತೆಯಿಲ್ಲ ಎಂದು ಎಷ್ಟು ವರ್ಷ ಪಾಠ ಹೇಳಿದ್ದೆವು! ಆ ಹುಡುಗನ ಮುಂದೆ ಸುಮ್ಮನೆ ತಲೆದೂಗಿದೆವು.

ಅವನು ಮತ್ತೊಂದು ಪ್ರಶ್ನೆ ಕೇಳಿದನು. "ನಿಮ್ಮ ಯಂತ್ರದಲ್ಲಿ ಡಿ.ವಿ.ಡಿ. ಹಾಕೋದು ಇದೆಯಾ ಸಾರ್? ಅದನ್ನ ಉಪಯೋಗಿಸಿ ಎಷ್ಟು ವರ್ಷ ಆಯ್ತು?" ನೆನಪಿಗೆ ಬರಲಿಲ್ಲ. "ಅದಕ್ಕೆ ಹಾಕಿರೋ ಎರಡು ವೈರೂ ಇದಕ್ಕೆ ಆಗುತ್ತೆ. ಕಿತ್ತು ಇದಕ್ಕೆ ಹಾಕಿ." ನೂರಿಪ್ಪತ್ತು ರೂಪಾಯಿಯ ತಂತಿಯೂ ಬೇಕಾಗಿರಲಿಲ್ಲ, ನೆರೆಮನೆಯ ತಂತಿಯೂ ಬೇಕಾಗಿರಲಿಲ್ಲ. ಇನ್ನೊಂದು ಬಿಲ್ಲೆಯನ್ನು ಅವನಲ್ಲಿಯೇ ಕೊಂಡೆವು. ನಾವು ಕೇಳದೆಯೇ ನಾಲ್ಕು ಸಣ್ಣ ತಿರುಪುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟನು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಹೊಸ ಬಿಲ್ಲೆಯಿಂದ ಯಂತ್ರವು ಎದ್ದಿತು. ಸೆರಗಿನಲ್ಲಿ ಹೋದ ಹಳೆಯ ಡಿಸ್ಕು ಅಕ್ಕಿಯ ಡಬ್ಬದ ಹಿಂದಿನಿಂದ ಈಚೆಗೆ ಬಂದು, ಲೊಚಗುಟ್ಟುತ್ತಲೇ ಒಂದೊಂದಾಗಿ ಹಾಡುಗಳನ್ನು ಒಪ್ಪಿಸಿತು. ಮೂರು ಹಾಡುಗಳು ಎಷ್ಟು ಮಾಡಿದರೂ ಬರಲಿಲ್ಲ. ಬೀಗಿತ್ತಿಯನ್ನು ಹಾಸ್ಯಮಾಡುವ ಹಾಡು ಬಂದಿತು. ನಡುವೆ ಅಕ್ಕ ಪದ ಮರೆತು, "ಇದೇನೋ ಮುಂದಿನ ಸಾಲು?" ಎಂದು ನಮ್ಮನ್ನು ಕೇಳುತ್ತಾಳೆ, ನಮಗೂ ಗೊತ್ತಿಲ್ಲವೆಂಬ ನಮ್ಮ ದನಿ ಕೇಳುತ್ತದೆ, ಒಳಗಿನಿಂದ ನಮ್ಮ ಮನೆಯವರು ಆ ಸಾಲನ್ನು ಹೇಳಿಕೊಡುತ್ತಾರೆ.