ಗುಡ್ಡೆ ಹತ್ತುವ ಅಪ್ಪಣೆ

ನಮ್ಮ ದಕ್ಷಿಣ ಕನ್ನಡದವರಿಗೆ ಮಳೆಯ ಅಂಜಿಕೆಯುಂಟು, ಕಡಲ್ಕೊರೆತದ ಅಂಜಿಕೆಯುಂಟು, ತುಲಾ ಮಾಸದ ಸಿಡಿಲಿಗಂತೂ ಎಂಥ ಧೈರ್ಯಶಾಲಿಯೂ ಬಾಗಿಲಿಕ್ಕಿಕೊಳ್ಳುವುದುಂಟು. ಕಾಲ ಕೆಳಗಿನ ಭೂಮಿಯ ವಿಷಯದಲ್ಲಿ ಮಾತ್ರ ನಮಗೆ ಅಪಾರವಾದ ವಿಶ್ವಾಸ. ಮುರಕಲ್ಲಿನ ಪದವಿನ ಮೇಲೆ ಮನೆ ಕಟ್ಟಿದವನು ನಿಶ್ಚಿಂತನಾಗಿ ನಿದ್ರಿಸುತ್ತಾನೆ. ಭೂಕಂಪವೆಂಬುದು ಗುಜರಾತಿಗೂ ನೇಪಾಳಕ್ಕೂ ಸಂಬಂಧಪಟ್ಟ ಸಮಾಚಾರ, ಸುನಾಮಿಯೆಂಬುದು ಮೂಡಣ ಕಡಲಿನ ಪಿಡುಗು ಎಂಬ ಮಾತನ್ನು ವಿದ್ಯಾವಂತರ ಮನೆಗಳಲ್ಲಿಯೂ ಕೇಳುತ್ತೇವೆ.

ಈ ವಿಶ್ವಾಸವನ್ನು 2022ನೆಯ ಇಸವಿಯ ಜೂನ್ ತಿಂಗಳು ತುಸು ಅಲುಗಿಸಿತು. ಆ ತಿಂಗಳ 25ರಂದೂ 28ರಂದೂ ಸುಳ್ಯ ಮತ್ತು ಮಡಿಕೇರಿ ತಾಲೂಕುಗಳ ಗಡಿಪ್ರದೇಶದಲ್ಲಿ ನೆಲ ನಡುಗಿತು. 28ರ ಬೆಳಗಿನ ಕಂಪದ ಪ್ರಮಾಣ 3.0, ದೊಡ್ಡದೇನೂ ಅಲ್ಲ. ಆದರೂ ನಮ್ಮದೇ ಜಿಲ್ಲೆಯ ಜನರು ಮನೆ ಬಿಟ್ಟು ಅಂಗಳಕ್ಕೆ ಓಡಿಬಂದುದು ಸುಳ್ಳಲ್ಲವಷ್ಟೆ. ಭಾರತೀಯ ಮಾನಕದ 2002ರ ಭೂಕಂಪ ನಕಾಶೆಯು ಮಂಗಳೂರನ್ನು ಮೂರನೆಯ ವಲಯದಲ್ಲಿ, ಎಂದರೆ ಸಾಧಾರಣ ಅಪಾಯದ ಪ್ರದೇಶದಲ್ಲಿ ಇರಿಸಿತ್ತು. ಇನ್ನು ಪಡುಗಡಲಿನ ಮಾತು. 1945ರ ನವೆಂಬರ್ 28ರಂದು ಮಕ್ರಾನ್ ತೀರದ ಕಡಲ ತಳದಲ್ಲಿ ಹುಟ್ಟಿದ ಭೂಕಂಪದ ತೆರೆಗಳು ಮುಂಬಯಿಯವರೆಗೂ ಬಂದು ಅಲ್ಲಿ ಜೀವಗಳನ್ನು ಸೆಳೆದೊಯ್ದುವು. 2004ರ ಡಿಸೆಂಬರ್ 26ರ ಸುನಾಮಿಯು ಲಂಕೆಯನ್ನು ಸುತ್ತಿ ಬಾಗಿ, ಕೇರಳದ ಪಡುವಣ ತೀರವನ್ನು ಹೊಡೆಯಿತು. ಕೊಲ್ಲಂ ಜಿಲ್ಲೆಯ ಆಲಪ್ಪಾಡು ಒಂದರಲ್ಲಿಯೇ ನೂರಕ್ಕೂ ಮಿಕ್ಕಿ ಜನರು ಸತ್ತರು. ನಮ್ಮ ಕರೆಗೆ ಅಂದು ದೊಡ್ಡ ಕೇಡು ತಟ್ಟಲಿಲ್ಲ. ಅದನ್ನೇ ಶಾಶ್ವತವಾದ ಅಭಯವೆಂದು ತಿಳಿಯಲು ನನಗೆ ಆಧಾರ ಕಾಣುವುದಿಲ್ಲ.

ನಾನು ಮೂವತ್ತು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದು ನಿವೃತ್ತನಾದವನು. ನನ್ನ ಮೊಮ್ಮಗನು ಸುರತ್ಕಲ್ಲಿನಲ್ಲಿ, ಕಡಲ ಮೊರೆತ ತರಗತಿಗೆ ಕೇಳಿಸುವಷ್ಟು ಸಮೀಪದ ಒಂದು ಶಾಲೆಯಲ್ಲಿ ಐದನೆಯ ತರಗತಿಯನ್ನು ಓದುತ್ತಿದ್ದಾನೆ. ಒಂದು ಸಂಜೆ ಅವನು ಆ ದಿನ ಶಾಲೆಯಲ್ಲಿ ನಡೆದ ಅಣಕು ಕವಾಯತಿನ ವರದಿಯನ್ನು ಒಪ್ಪಿಸಿದನು. ಗಂಟೆ ಬಾರಿಸಿತು; ಮಕ್ಕಳೆಲ್ಲ ಮೇಜಿನಡಿಗೆ ನುಗ್ಗಿ ತಲೆಯನ್ನು ಕೈಗಳಿಂದ ಮುಚ್ಚಿಕೊಂಡರು; ಎರಡನೆಯ ಗಂಟೆಗೆ ಅಂಗಳಕ್ಕೆ ಬಂದು ಸಾಲು ನಿಂತರು; ಹಾಜರಿ ಕರೆದಾಯಿತು; ಮತ್ತೆ ಗಣಿತ.

ಇದು ಒಳ್ಳೆಯದೇ. ನಮ್ಮ ಕಡೆಯ ಹಳೆಯ ಶಾಲೆಗಳಿಗೆ ಮಂಗಳೂರು ಹಂಚಿನ ಮಾಡು. ನೆಲ ಅಲುಗುವಾಗ ಮೊದಲು ಜಾರುವುದು ಸೂರಿನ ಅಂಚಿನ ಹಂಚುಗಳು. ಗಾಬರಿಯಿಂದ ಜಗಲಿ ದಾಟಿ ಓಡುವ ಮಗುವಿನ ತಲೆ ಆಗ ಅವುಗಳ ಕೆಳಗೇ ಇರುತ್ತದೆ. ಅಲುಗಾಟ ನಿಲ್ಲುವವರೆಗೆ ಮೇಜಿನಡಿ, ನಿಂತ ಬಳಿಕ ಬಯಲು ಎಂಬ ಕ್ರಮವು ಸರಿಯಾದದ್ದು. ಆದರೆ ಹುಡುಗನು ಅಷ್ಟಕ್ಕೆ ಬಿಡಲಿಲ್ಲ. “ಅಜ್ಜ, ಆಮೇಲೆ ಕಡಲು ಬಂದರೆ? ಟೀಚರು ಹೇಳದೆ ಗುಡ್ಡೆ ಹತ್ತಬಹುದೋ?” ಎಂದು ಕೇಳಿದನು.

ಅಪ್ಪಣೆಯಿಲ್ಲದೆ ಸಾಲು ಬಿಡಬಾರದೆಂಬುದು ಶಾಲೆಯ ಮೊದಲ ಪಾಠ. ಅಕ್ಷರಾಭ್ಯಾಸವೂ ಅದರ ಅನಂತರವೇ. ಹುಡುಗನ ಪ್ರಶ್ನೆ ಈ ಪಾಠದ ಬುಡಕ್ಕೇ ತಗಲುವಂಥದು. ಇದನ್ನು ತಲೆಹರಟೆಯೆಂದು ತಳ್ಳುವ ಮುನ್ನ ಜಪಾನ್ ದೇಶದ ಎರಡು ಶಾಲೆಗಳ ವೃತ್ತಾಂತವನ್ನು ವಾಚಕರು ಕೇಳಬೇಕು.

2011ರ ಮಾರ್ಚ್ 11ರಂದು ಮಧ್ಯಾಹ್ನ 2-46ಕ್ಕೆ ಆ ದೇಶದ ಈಶಾನ್ಯ ಭಾಗವು ಘೋರವಾಗಿ ಕಂಪಿಸಿತು. ಇಶಿನೊಮಾಕಿ ಪಟ್ಟಣದ ಓಕಾವ ಪ್ರಾಥಮಿಕ ಶಾಲೆಯ ಮಕ್ಕಳು ಕಲಿತಂತೆಯೇ ಮೇಜಿನಡಿಯಲ್ಲಿ ಅಡಗಿ, ಕಲಿತಂತೆಯೇ ಅಂಗಳಕ್ಕೆ ಬಂದು ಸಾಲು ನಿಂತರು. ಶಾಲೆಯ ಬೆನ್ನಿಗೇ ಗುಡ್ಡವಿತ್ತು. ಅಣಬೆ ಬೆಳೆಸುವ ಪಾಠಕ್ಕಾಗಿ ಮಕ್ಕಳು ಅದನ್ನು ಹಿಂದೆ ಹತ್ತಿದ್ದರು. ಎಲ್ಲಿಗೆ ಹೋಗಬೇಕೆಂಬುದನ್ನು ಹಿರಿಯರು ಚರ್ಚಿಸುತ್ತಿರುವಂತೆ ಸುಮಾರು ಐವತ್ತು ನಿಮಿಷಗಳು ಕಳೆದುವು. ಬಳಿಕ ನದಿಯ ಮೇಲಿಂದ ನೀರು ಬಂತು. 74 ಮಂದಿ ಮಕ್ಕಳೂ 10 ಮಂದಿ ಉಪಾಧ್ಯಾಯರೂ ಹೋದರು. ಶಾಲೆಯ ಕೈಪಿಡಿಯಲ್ಲಿ ಆಶ್ರಯ ಸ್ಥಾನವೆಂದು ಬರೆದಿದ್ದುದು ‘ಹತ್ತಿರದ ಖಾಲಿ ಸ್ಥಳ, ಉದ್ಯಾನ ಇತ್ಯಾದಿ’ ಎಂದು ಮಾತ್ರ. ಇಂತಹ ಸ್ಥಳ ಯಾವುದೆಂದು ಯಾರೂ ಮೊದಲೇ ನಡೆದು ನೋಡಿರಲಿಲ್ಲ. ಮಕ್ಕಳ ತಂದೆತಾಯಿಗಳು ನ್ಯಾಯಸ್ಥಾನಕ್ಕೆ ಹೋದರು. ಪೂರ್ವಸಿದ್ಧತೆಯಲ್ಲಿಯೇ ಲೋಪವಿತ್ತೆಂದು 2018ರಲ್ಲಿ ಸೆಂದಾಯಿಯ ಉಚ್ಚ ನ್ಯಾಯಾಲಯವು ಹೇಳಿತು, 2019ರಲ್ಲಿ ಅದೇ ತೀರ್ಪು ಸ್ಥಿರವಾಯಿತು.

ಅದೇ ದಿನ ಕಮಾಯಿಶಿ ಎಂಬ ಕಡಲ ಪಟ್ಟಣದಲ್ಲಿ ಸುಮಾರು ಮೂರು ಸಾವಿರ ಶಾಲಾಮಕ್ಕಳು ಬದುಕಿ ಉಳಿದರು. ಕತಾದಾ ತೊಶಿತಾಕಾ ಎಂಬ ಪ್ರಾಧ್ಯಾಪಕರು ಅಲ್ಲಿಯ ಶಾಲೆಗಳಲ್ಲಿ ಹಲವು ವರ್ಷ ಕಲಿಸಿದ್ದುದು ಮುಖ್ಯವಾಗಿ ಮೂರು ಮಾತುಗಳನ್ನು: ಇಷ್ಟೇ ನೀರು ಬಂದೀತೆಂಬ ಅಂದಾಜನ್ನು ನಂಬಬೇಡ, ಕೈಲಾದುದನ್ನೆಲ್ಲ ಮಾಡು, ನೀನೇ ಮೊದಲು ಓಡು. ದೊಡ್ಡ ಮಕ್ಕಳು ಅಪ್ಪಣೆಗೆ ಕಾಯದೆ ಓಡತೊಡಗಿದುದನ್ನು ನೋಡಿ ಪಕ್ಕದ ಶಾಲೆಯ ಚಿಕ್ಕವರೂ ಹೊರಟರು. ಮೊದಲು ಗೊತ್ತುಮಾಡಿದ್ದ ಸ್ಥಳಕ್ಕೆ ಮುಟ್ಟಿದಾಗ ಅಲ್ಲಿ ದರೆ ಕುಸಿಯುವುದು ಕಂಡಿತು. ಇನ್ನೂ ಮೇಲಕ್ಕೆ ಹೋದರು. ನೀರು ಆ ಮೊದಲ ಸ್ಥಳವನ್ನು ನುಂಗಿತು.

ನಮ್ಮಲ್ಲಿ ಶಾಲೆಗೂ ವಿಪತ್ತಿಗೂ ಇರುವ ಸಂಬಂಧವು ಬಹುಮಟ್ಟಿಗೆ ಮಳೆಗಾಲದ ರಜೆಯದು. ರಾತ್ರಿಯೆಲ್ಲ ಮಳೆ ಹೊಯ್ದರೆ, ಜಿಲ್ಲಾಧಿಕಾರಿಗಳ ಅಪ್ಪಣೆ ಬಂತೇ ಎಂದು ಮಕ್ಕಳಿಗಿಂತ ಹೆಚ್ಚು ಆತುರದಿಂದ ನಾವೇ ಮೊಬೈಲನ್ನು ನೋಡುತ್ತಿರುತ್ತೇವೆ. ಈ ಏರ್ಪಾಡು ಮಳೆಗೆ ಸಾಕು. ಸುನಾಮಿಗೂ ಹೈದರಾಬಾದಿನಲ್ಲಿ 2007ರಲ್ಲಿ ಸ್ಥಾಪಿತವಾದ ಮುನ್ನೆಚ್ಚರಿಕೆಯ ಕೇಂದ್ರವುಂಟು. ಮಕ್ರಾನಿನಲ್ಲಿ ಹುಟ್ಟುವ ತೆರೆ ನಮ್ಮಲ್ಲಿಗೆ ತಲಪಲು ಕೆಲವು ಗಂಟೆಗಳೇ ಬೇಕು. ಕಾಲಾವಕಾಶವಿದೆಯೆಂಬುದು ಸಮಾಧಾನದ ಮಾತು. ಆದರೆ ಆ ಎಚ್ಚರಿಕೆ ಬೆಂಗಳೂರು, ಜಿಲ್ಲಾಕಚೇರಿ, ಶಿಕ್ಷಣ ಇಲಾಖೆಗಳನ್ನು ದಾಟಿ ಶಾಲೆಯ ದೂರವಾಣಿಯನ್ನು ಸೇರಬೇಕು. ದೂರವಾಣಿಯ ಕೋಣೆಯಲ್ಲಿ ಆ ಹೊತ್ತಿಗೆ ಯಾರಾದರೂ ಇರಬೇಕು. ಓಕಾವದಲ್ಲಿಯೂ ಕಾಲಾವಕಾಶವಿತ್ತು.

ಗುಡ್ಡಕ್ಕೆ ನಮ್ಮ ಸುರತ್ಕಲ್ಲಿನಲ್ಲಿ ಬಡತನವಿಲ್ಲ. ಕಡಲ ಕರೆಯಲ್ಲಿಯೇ ದೀಪಸ್ತಂಭದ ಗುಡ್ಡೆ. ಹೆದ್ದಾರಿ ದಾಟಿ ಮೂಡಕ್ಕೆ ನಡೆದರೆ ಏರುನೆಲ. ದೀಪಸ್ತಂಭದ ಗುಡ್ಡೆ ಹತ್ತಿರವೆಂದರೂ ಮಕ್ಕಳನ್ನು ಕಡಲ ಕಡೆಗೇ ನಡೆಸಬೇಕಾದೀತು. ಮೂಡಕ್ಕೆಂದರೆ ನೂರಾರು ಮಕ್ಕಳು ಹೆದ್ದಾರಿಯ ಲಾರಿಗಳ ನಡುವೆ ದಾಟಬೇಕು. ಯಾವುದು ಮೇಲೆಂಬುದನ್ನು ಒಂದೊಂದು ಶಾಲೆಯೂ ತನ್ನ ಬಾಗಿಲಿನಿಂದ ನಡೆದೇ ತೀರ್ಮಾನಿಸಬೇಕು. ಸಸಿಹಿತ್ಲಿನಂಥ ಕಡೆ, ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದರಲ್ಲಿ ಕಡಲು; ಅಲ್ಲಿಯ ಮಗುವಿಗೆ ಗುಡ್ಡೆಯ ಮಾತೇ ವ್ಯರ್ಥ, ಗಟ್ಟಿಯಾದ ಮಾಳಿಗೆಯ ಕಟ್ಟಡವೊಂದನ್ನು ಮೊದಲೇ ತೋರಿಸಿಡಬೇಕು. ಒಡಿಶಾದ ಕಡಲೂರುಗಳಲ್ಲಿ ಇಂಥ ಸಿದ್ಧತೆ ನಡೆದು, 2020ರಲ್ಲಿ ವೆಂಕಟರಾಯಪುರ, ನೋಲಿಯಾಸಾಹಿ ಎಂಬೆರಡು ಊರುಗಳಿಗೆ ಯುನೆಸ್ಕೋ ಸಂಸ್ಥೆಯ ಮನ್ನಣೆಯೂ ಬಂತು.

ಹುಡುಗನ ಪ್ರಶ್ನೆಯನ್ನು ನಾನು ಅವನ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಮುಂದೆ ಇಟ್ಟೆನು. ಅವರು ನಗಲಿಲ್ಲ. “ಮಾಸ್ಟ್ರೇ, ಹೋಗಬಹುದೆಂದು ನಾನು ಹೇಳಿ, ಒಬ್ಬ ಹುಡುಗ ಸುಮ್ಮನೆ ಓಡಿ ಹೆದ್ದಾರಿಯಲ್ಲಿ ಏನಾದರೂ ಆದರೆ?” ಎಂದರು. ನ್ಯಾಯವಾದ ಮಾತು. ಒಬ್ಬೊಬ್ಬನೇ ಓಡದಿರಲೆಂದೇ ಎಲ್ಲರೂ ಕೂಡಿ ಒಮ್ಮೆ ನಡೆದು ನೋಡುವುದೆಂದು ನಾವಿಬ್ಬರೂ ಒಪ್ಪಿದೆವು. ಒಂದು ಶನಿವಾರ ಐದನೆಯ ತರಗತಿಯವರು ಮೂಡಣ ಏರಿಗೆ ಹೊರಟರು. ಶಾಲೆಯ ಹಿಂದಿನ ಗೇಟಿಗೆ ಬೀಗ. ಬೀಗದ ಕೈ ಜವಾನನ ಹತ್ತಿರ. ಜವಾನನು ಅಂದು ರಜೆಯಲ್ಲಿ. ಮುಂದಿನ ಬಾಗಿಲಿನಿಂದ ಬಳಸಿಕೊಂಡು ಹೋದೆವು. ಹೆದ್ದಾರಿಯಲ್ಲಿ ಇಬ್ಬರು ಉಪಾಧ್ಯಾಯಿನಿಯರು ಕೈ ಎತ್ತಿ ವಾಹನಗಳನ್ನು ತಡೆದರು. ಮೇಲೆ ಮುಟ್ಟಿದಾಗ ಚಿಕ್ಕವನೊಬ್ಬನು ಕಡಲನ್ನು ನೋಡಿ, “ಇಲ್ಲಿಂದ ಅದು ಎಷ್ಟು ಕೆಳಗೆ!” ಎಂದನು.

ಈಗ ಆ ಬೀಗದ ಕೈ ಐದನೆಯ ತರಗತಿಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅಪ್ಪಣೆಯ ಪ್ರಶ್ನೆಯನ್ನು ಮುಖ್ಯೋಪಾಧ್ಯಾಯಿನಿಯವರು ಮೇಲಧಿಕಾರಿಗಳಿಗೆ ಬರೆದಿದ್ದಾರೆ. ಉತ್ತರ ಬರುವ ತನಕ ತಿಂಗಳಿಗೊಂದು ಶನಿವಾರ ನಡೆಯುವುದೆಂದು ಗೊತ್ತಾಗಿದೆ. ಮುಂದಿನ ಸಲ ನಾಲ್ಕನೆಯ ತರಗತಿಯವರೂ ಬರುತ್ತಾರಂತೆ.