ಹೊಲ ಹಿಸ್ಸೆ ಆಯ್ತು, ಬಾವಿ ಒಂದೇ

ಕುರಕುಂಟಾದಾಗ ನಮ್ಮಪ್ಪಂದು ಸಣ್ಣ ಪರಶಿ ಪಾಲಿಶ್ ಶೆಡ್ ಅದ. ಆಳು ಆರು ಮಂದಿ. ಹಾಜರಿ, ಉಚಲು, ಪಗಾರ ಎಲ್ಲಾ ಒಂದು ಕೆಂಪು ವಹಿಯೊಳಗ. ಕಲ್ಲಿನ ಧೂಳು ಕುಂತು ಕುಂತು ಅದರಾಗಿನ ಅಕ್ಷರ ಅಪ್ಪಗಷ್ಟೇ ಓದಲಿಕ್ಕ ಬರ್ತದ. ದೀಪಾವಳಿಗಿ ಊರಿಗಿ ಬಂದಾಗ, "ಅಪ್ಪಾ, ಇದನ್ನ ಮೊಬೈಲ್‌ದಾಗ ಮಾಡಿಕೊಡ್ತೀನಿ ತಡಿ" ಅಂದೆ. ಬೆಂಗಳೂರಾಗ ಜಾವಾಸ್ಕ್ರಿಪ್ಟ್ ಕಲೀಲಿಕ್ಕ ಹತ್ತಿ ನಾಕು ತಿಂಗಳಾಗಿತ್ತು. ಗೊತ್ತಿದ್ದಕ್ಕಿಂತ ಗತ್ತು ಜಾಸ್ತಿ.

ಒಬ್ಬೊಬ್ಬ ಆಳಿಗಿ ಒಂದೊಂದು ಆಬ್ಜೆಕ್ಟ್. ಆಬ್ಜೆಕ್ಟ್ ಅಂದ್ರ ಭಾಳ ದೊಡ್ಡ ಸುದ್ದಿ ಏನಿಲ್ರಿ, ಅಡಗಿಮನಿ ಮಸಾಲಿ ಡಬ್ಬಿ ಇದ್ದಂಗ. ಒಳಗಿನ ಒಂದೊಂದು ಬಟ್ಟಲಕ್ಕ ಒಂದೊಂದು ಹೆಸರು. ಹೆಸರಿಗಿ ಕೀ ಅಂತಾರ, ಒಳಗಿನ ಮಾಲಿಗಿ ವ್ಯಾಲ್ಯೂ ಅಂತಾರ. ನನ್ನ ಡಬ್ಯಾಗ ಮೂರು: ಹೆಸರು, ದಿನದ ಕೂಲಿ, ಉಚಲಿನ ಪಟ್ಟಿ.

ಆರು ಸಲ ಬರೀಲಿಕ್ಕ ಬ್ಯಾಸರ ಬಂತು. ಒಂದು ಮಾದರಿ ಮಾಡಿ, ಎರಡನೇ ಆಳು ಈಕ್ವಲ್ ಟು ಮಾದರಿ ಅಂತ ಬರದೆ. ಎರಡನೇಯವನ ಹೆಸರು ಹಾಕಿದ್ರ ಮಾದರಿದೂ ಬದಲಾಯ್ತು! ಬರೀ ಅಂಕಿ ಇದ್ರ ನಕಲು ಬ್ಯಾರೇನೇ ಆಗ್ತದ. ಆಬ್ಜೆಕ್ಟ್ ಆದ್ರ ಸಿಗೋದು ಹೊಸ ಡಬ್ಬಿ ಅಲ್ಲ, ಹಳೇ ಡಬ್ಬಿ ಎಲ್ಲಿ ಅದ ಅನ್ನೋ ಗುರ್ತು. ಪಹಣಿ ಝೆರಾಕ್ಸ್ ಮಾಡ್ಸಿದ್ರ ಹೊಲ ಎರಡಾಗ್ತಾವೇನು?

ಹುಡುಕ್ಯಾಡಿ ಮೂರು ಚುಕ್ಕಿ ಕಲ್ತೆ, ಸ್ಪ್ರೆಡ್ ಅಂತಾರ. ಮಾದರಿ ಮುಂದ ಮೂರು ಚುಕ್ಕಿ ಇಟ್ರ ಹೊಸ ಡಬ್ಬಿ ಬರ್ತದ. ಹೆಸರು ಬ್ಯಾರೆ ಆಯ್ತು, ಕೂಲಿ ಬ್ಯಾರೆ ಆಯ್ತು. ಉಚಲು ಪರೀಕ್ಷೆ ಮಾಡ್ಲೇ ಇಲ್ಲ, ಅಪ್ಪನ ಕೈಗಿ ಕೊಟ್ಟು ಬಸ್ ಹತ್ತಿದೆ.

ಆ ವಾರ ಕಟಿಂಗ್ ಮಷಿನ್ ಮ್ಯಾಲಿನಾಂವ ಮಗಳಿಗಿ ಜ್ವರ ಅಂತ 800 ರೂಪಾಯಿ ಉಚಲು ಒಯ್ದಿದ್ದ. ಶನಿವಾರ ಅಪ್ಪ ವಾರದ ಲೆಕ್ಕ ಎಲ್ಲಾ ಮೊಬೈಲ್‌ದಾಗ ತುಂಬಿ ಪಗಾರಕ್ಕ ಕುಂತ. ಮೊದಲ ಬಂದಾಂವ ಲೋಡಿಂಗ್ ಮಾಡೋ ಮುದುಕ, ಇಪ್ಪತ್ತು ವರ್ಷದಿಂದ ನಮ್ಮಲ್ಲೇ ದುಡಿಯೋ ಮನುಷ್ಯ. 800 ಕಡಿಮಿ ಕೊಟ್ಟ.

"ಸಾವ್ಕಾರ್ರ, ನಾ ಈ ವಾರ ಉಚಲು ತಗೊಂಡಿಲ್ರಿ."

"ಮೊಬೈಲ್‌ದಾಗ ಬಂದದ ನೋಡು ಮಾಮಾ, ನೀ ಮರ್ತಿದಿ."

ಮುದುಕಗ ಓದಲಿಕ್ಕ ಬರಂಗಿಲ್ಲ. ಸುಮ್ಕ ರೊಕ್ಕ ಧೋತರದ ಚುಂಗಿಗಿ ಕಟ್ಟಿಕೊಂಡು ಹೋಗಿ ಪರಶಿ ಮ್ಯಾಲ ಕುಂತ. ಎರಡನೇಯವಂಗೂ 800, ಮೂರನೇಯವಂಗೂ 800. ಆಗ ಅಪ್ಪನ ಮಾರಿ ಸಣ್ಣದಾಯ್ತು. ವಹಿ ತೆಗದು ನೋಡಿ, ಮುದುಕನ ರೊಕ್ಕ ತಾನೇ ಎದ್ದು ಹೋಗಿ ಕೊಟ್ಟ. ರಾತ್ರಿ ಫೋನಿನಾಗ ಅಂದ: "ಅವ ಒಂದು ಮಾತೂ ಅನ್ಲಿಲ್ಲ. ಅನ್ಬೇಕಿತ್ತು."

ಬರದದ್ದು ತೆಗದು ನೋಡಿದೆ. ಮೂರು ಚುಕ್ಕಿ ನಕಲು ಮಾಡೋದು ಮ್ಯಾಲಿನ ಡಬ್ಬಿ ಅಷ್ಟೇ. ಒಳಗಿನ ಪಟ್ಟಿ ತಾನೇ ಒಂದು ಡಬ್ಬಿ ಇದ್ದಂಗ, ಅದರ ಗುರ್ತಷ್ಟೇ ಆರೂ ಮಂದಿಗಿ ಹೋಗಿತ್ತು. ಇದಕ್ಕ ಶ್ಯಾಲೋ ಕಾಪಿ ಅಂತಾರ. ಅಪ್ಪಗ ಹೇಳಿದೆ, ತಿಳೀತದೋ ಇಲ್ಲೋ ಅಂತ ಅಂಜಿಕೋತನೇ.

"ನಮ್ಮದು, ನಿಮ್ಮ ದೊಡ್ಡಪ್ಪಂದು ಹಿಸ್ಸೆ ಆದಂಗ ಅನ್ನು. ಹೊಲ ಬ್ಯಾರೆ, ಬಾವಿ ಒಂದೇ. ಅವ ಮೋಟರ್ ಹಚ್ಚಿದ್ರ ನಮಗ ನೀರಿಲ್ಲ" ಅಂದ.

ಬಾವಿನೂ ಬ್ಯಾರೆ ತೋಡೋ ಸ್ಟ್ರಕ್ಚರ್ಡ್‌ಕ್ಲೋನ್ ಅನ್ನೋದು ಈಗ ಬ್ರೌಸರಿನಾಗೇ ಅದ. ನಾ ಅದೂ ಬಳಸಲಿಲ್ಲ. ಮಾದರಿನೇ ತೆಗದು, ಕರದಾಗೊಮ್ಮಿ ಹೊಸ ಡಬ್ಬಿ, ಹೊಸ ಪಟ್ಟಿ ಮಾಡಿಕೊಡೋ ಒಂದು ಫಂಕ್ಷನ್ ಬರದೆ. ಈ ಸಲ ಆರೂ ಮಂದಿ ಹೆಸರಿಗಿ ಉಚಲು ಹಾಕಿ, ತೆಗದು, ಮತ್ತ ಹಾಕಿ ನೋಡಿದೆ.

ಅಪ್ಪ ಈಗ ಮೊಬೈಲ್ ಬಳಸ್ತಾನ. ಮುದುಕನ ಪಗಾರ ಮಾತ್ರ ವಹಿ ನೋಡೇ ಕೊಡ್ತಾನ.