ಹೊಳಿ ತನಕ

ಬೆಳಗಿನ ಆರು ಗಂಟೆ. ರಾಯಚೂರು ಬಸ್ ನಿಲ್ದಾಣದ ಸುತ್ತ ಬೀದಿದೀಪಗಳು ಇನ್ನೂ ಆರಿಲ್ಲ. ಡಿಸೆಂಬರಿನ ಚಳಿಗೆ ಬ್ರೇಕ್ ಹಿಡಿದ ಬೆರಳು ಸೆಟೆದುಕೊಂಡಿವೆ. ಮೇ ತಿಂಗಳಲ್ಲಾದರೆ ಇಷ್ಟು ಹೊತ್ತಿಗಾಗಲೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಸೈಕಲ್ ಹತ್ತುವ ಮೊದಲು ಕೋಟೆ ಗೋಡೆಯ ಹತ್ತಿರ ಒಂದು ನಿಮಿಷ ನಿಲ್ಲುವುದು ನನ್ನ ರೂಢಿ. ಈ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ಆ ಬಂಡೆಯನ್ನು ಬಂಡಿಗೇರಿಸಿ, ಸಾಲು ಸಾಲು ಕೋಣಗಳನ್ನು ಹೂಡಿ ಎಳೆದು ತಂದ ಚಿತ್ರವನ್ನೂ ಕೊರೆದಿದ್ದಾರೆ. ಕೋಟೆ ಕಟ್ಟಿದವರ ಜತೆಗೆ ದಾರಿ ಸವೆಸಿದ ಗಾಲಿಯನ್ನೂ ನೆನಪಿಟ್ಟ ಊರು ಇದು. ಗಾಲಿ ನಂಬಿ ಹೊರಟವನಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ಎಲ್ಲಿ ಸಿಕ್ಕೀತು?

ಹೈದರಾಬಾದ್ ರಸ್ತೆ ಹಿಡಿದು ಉತ್ತರಕ್ಕೆ ಹೊರಟಿದ್ದೇನೆ. ದೇವಸುಗೂರಿಗೆ ಸುಮಾರು 20 ಕಿಲೋಮೀಟರ್. ಮಾನ್ವಿ ಕಡೆ ಹೋದರೆ ಕಾಲುವೆ ನೀರು, ಭತ್ತದ ಗದ್ದೆ, ಕಣ್ಣಿಗೆ ತಂಪು. ದೇವದುರ್ಗದ ದಾರಿಯಲ್ಲಿ ಹತ್ತಿ ಹೊಲ. ಅವೆರಡೂ ಸೈಕಲ್ಲಿಗೆ ಇದಕ್ಕಿಂತ ಸಲೀಸಾದ ದಾರಿಗಳು. ಆದರೂ ನನ್ನ ಕಾಲು ಪ್ರತಿ ಸಲ ಇತ್ತಲೇ ತಿರುಗುತ್ತದೆ, ಈ ದಾರಿಯ ಕೊನೆಗೆ ಹೊಳೆ ಇದೆ ಅಂತ.

ಯರಮರಸ್ ಬರುವಷ್ಟರಲ್ಲಿ ಬಲಗಡೆ ಆಕಾಶ ಕೆಂಪಾಗಿದೆ. 800 ಮೆಗಾವಾಟಿನ ಎರಡು ಘಟಕಗಳ ವಿದ್ಯುತ್ ಸ್ಥಾವರದ ಚಿಮಣಿ ಮೇಲೆ ಕೆಂಪು ದೀಪಗಳು ಮಿಣುಕುತ್ತಿವೆ. ಹಿಂದಿನಿಂದ ಬೂದಿ ಟ್ಯಾಂಕರ್ ಬರುತ್ತಿದೆ. ಅದು ಕಣ್ಣಿಗೆ ಬೀಳುವ ಮೊದಲೇ ಹ್ಯಾಂಡಲ್ ಮೂಲಕ ಅಂಗೈಗೆ ಸದ್ದು ಹತ್ತುತ್ತದೆ. ಹತ್ತಿರ ಬಂದಾಗ ಗಾಳಿ ಒಮ್ಮೆ ಎಡಕ್ಕೆ ನೂಕುತ್ತದೆ, ದಾಟಿದ ಮರುಕ್ಷಣವೇ ತನ್ನ ಕಡೆಗೆ ಸೆಳೆಯುತ್ತದೆ. ನೂಕಿದಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಸೆಳೆದಾಗಲೇ ಬೀಳುವುದು. ಹೊಸದಾಗಿ ಸೈಕಲ್ ಹಿಡಿದ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಇದೇ: ಮೊಣಕೈ ಬಿಗಿ ಹಿಡಿಯಬೇಡಿ, ಬಿಳಿ ಗೆರೆಯ ಅಂಚು ಬಿಡಬೇಡಿ.

ಅಂಚು ಹಿಡಿದದ್ದಕ್ಕೆ ಇಂದು ದಂಡ ತೆತ್ತೆ. ಚಿಕ್ಕಸುಗೂರು ಹತ್ತಿರವಾಗುತ್ತಿದ್ದಂತೆ ಹಿಂದಿನ ಗಾಲಿ ಮೆತ್ತಗಾಯಿತು. ಇಳಿದು ತಳ್ಳುತ್ತಾ ಪಂಕ್ಚರ್ ಅಂಗಡಿ ಮುಟ್ಟಿದೆ. ತಗಡಿನ ಚಪ್ಪರ, ಕಪ್ಪು ನೀರಿನ ಬುಟ್ಟಿ, ತೂಗುಹಾಕಿದ ಹಳೆ ಟ್ಯೂಬುಗಳು. ಅಂಗಡಿಯಾತ ನನ್ನ ಸೈಕಲ್ಲಿನ ಸಣ್ಣ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಕುಂದರ್ರಿ ಸರ. ಎಲ್ಲಿಗಿ ಹೊಂಟೀರಿ?"

"ಹೊಳಿ ತನಕ."

ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ, ಬೊಟ್ಟಿನಷ್ಟೇ ನಿಧಾನಕ್ಕೆ ಸರಿಸುತ್ತಾ ಹೋದ. ಒಂದು ಕಡೆ ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದವು. ಅಲ್ಲಿ ಕಡ್ಡಿ ಚುಚ್ಚಿ ಗುರುತು ಇಟ್ಟು, ಉಜ್ಜಿ, ಸೊಲ್ಯೂಷನ್ ಹಚ್ಚಿ, ಉಫ್ ಎಂದು ಊದಿ ಆರಿಸಿದ. ತೇಪೆ ಹಾಕಿದ ಮೇಲೂ ಟೈರ್ ಏರಿಸಲಿಲ್ಲ. ಒಳಮೈಗೆ ಬೆರಳು ಇಟ್ಟು ಪೂರ್ತಿ ಒಂದು ಸುತ್ತು ಸವರಿದ. "ಜಾಲಿ ಮುಳ್ಳು ನೋಡ್ರಿ. ಒಂದು ತೆಗೆದ್ರ ಇನ್ನೊಂದು ಒಳಗ ಉಳಿದಿರ್ತೈತಿ. ಮುಂದ ಹೋಗಿ ಮತ್ತ ಕುಂದರ್ತೀರಿ ನೀವು." ಎರಡನೆಯದು ಸಿಕ್ಕೇ ಬಿಟ್ಟಿತು. ಇಕ್ಕಳದಿಂದ ಎಳೆದು ನನ್ನ ಅಂಗೈಯಲ್ಲಿಟ್ಟ. ಭತ್ತದ ಕಾಳಿನಷ್ಟುದ್ದ, ತುದಿ ಕಂದು, ಬುಡ ಬಿಳಿ. ರಸ್ತೆ ಬದಿ ಇಡೀ ಬೆಳೆದು ನಿಂತ ಬಳ್ಳಾರಿ ಜಾಲಿಯದು. ನನ್ನ ಟ್ಯೂಬಿನ ವಾಲ್ ಅವನ ಪಂಪಿಗೆ ಕೂಡುವುದಿಲ್ಲ. ಅವೆರಡನ್ನೂ ಕೂಡಿಸಲು ಜೇಬಿನಲ್ಲಿದ್ದ ಹಿತ್ತಾಳೆಯ ಚಿಕ್ಕ ತಿರುಪು ಮೊದಲೇ ಕೊಟ್ಟಿದ್ದೆ. ಈಗ ಅದನ್ನು ತಿರುಗಿಸಿ ನೋಡಿ, "ಇದು ಎರಡು ಇಟ್ಟುಕೋರಿ, ಒಂದು ಕಳೀತೈತಿ" ಅಂದ. ಈ ದಾರಿಯಲ್ಲಿ ನಡು ನಡುವೆ ಇಂಥ ಕೈಗಳು ಕೂತಿವೆ ಎಂಬ ಧೈರ್ಯದ ಮೇಲೆಯೇ ನನ್ನಂಥವರು ಒಬ್ಬೊಬ್ಬರೇ ಹೊರಡುವುದು.

ಪಕ್ಕದ ಬಂಡಿಯಲ್ಲಿ ಮಂಡಾಳು ವಗ್ಗರಣಿ, ಮೇಲೆ ಪುಟಾಣಿ ಪುಡಿ, ಎರಡು ಬಿಸಿ ಮಿರ್ಚಿ. ಹೊಟ್ಟೆಗೆ ಹಗುರ, ಕಾಲಿಗೆ ಕಸುವು. ಮುಂದಿನ ಹಾದಿ ಬೇಗ ಸರಿಯಿತು.

ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದಿಂದಲೇ ಲೆಕ್ಕಕ್ಕೆ ಸಿಗುತ್ತವೆ. 1985ರಲ್ಲಿ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕ, ಒಟ್ಟು 1720 ಮೆಗಾವಾಟ್. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಕೃಷ್ಣೆಯದು. ಅದರ ಮಗ್ಗುಲಲ್ಲೇ ದೇವಸುಗೂರು. ಸುಗೂರೇಶ್ವರನ ಗುಡಿ ಮುಂದೆ ಸೈಕಲ್ ನಿಲ್ಲಿಸಿ ಕಾಲು ತೊಳೆದೆ. ಇವನು ವೀರಭದ್ರ. ನಮ್ಮ ಸೀಮೆಯ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ಸೂಗಪ್ಪ, ಸೂಗಮ್ಮ, ಸುಗೂರೇಶ ಸಿಗದ ತರಗತಿ ಕಡಿಮೆ. ಊರಿನ ಹೆಸರು ದೇವರಿಗೆ, ದೇವರ ಹೆಸರು ಮಕ್ಕಳಿಗೆ. ಹಣೆಗೆ ವಿಭೂತಿ ಹಚ್ಚಿಕೊಂಡು ಹೊಳೆ ಕಡೆ ಇಳಿದೆ.

ಇದೋ ಸೇತುವೆ. ಕಾಗದದ ಮೇಲೆ ಇದರ ಹೆಸರು ಸಿರಾತ್-ಎ-ಜೂದಿ, ನವಾಬ್ ಜವಾದ್ ಜಾ ಬಹಾದ್ದೂರರ ಹೆಸರಿನಿಂದ ಬಂದದ್ದು. ನಿಜಾಮರ ಕಾಲದಲ್ಲಿ 1933ರಲ್ಲಿ ಕೆಲಸ ಹಿಡಿದು 1943ರಲ್ಲಿ ಮುಗಿಸಿದರು. ಖರ್ಚು 13,28,500 ರೂಪಾಯಿ. ಉದ್ದ 2,488 ಅಡಿ, 60 ಅಡಿ ಅಗಲದ 35 ಕಣ್ಣುಗಳು. ಮೇಲಿನ ದಾರಿಯ ಅಗಲ ಮಾತ್ರ 20 ಅಡಿ. ಎರಡು ಬಂಡಿ ಎದುರುಬದುರಾದರೆ ಸಾಕೆಂಬ ಕಾಲದ ಅಳತೆ. ಈಗ ಅದರ ಮೇಲೆ ಬಹುಗಾಲಿ ಲಾರಿಗಳು ಒಂದಕ್ಕೊಂದು ದಾರಿ ಕೊಡುತ್ತಾ ತೆವಳುತ್ತಿವೆ. ಒಂದು ತುಸು ಬಿಡುವು ನೋಡಿ ಹೊಕ್ಕೆ.

ನನ್ನ ವೇಗಕ್ಕೆ ಇದು ಮೂರು ನಿಮಿಷದ ದಾರಿ. ಕೆಳಗೆ ಬಂಡೆಗಲ್ಲು ಬಂಡೆಗಲ್ಲಾಗಿ ಹೊಳೆಯ ಪಾತ್ರ, ನಡುವೆ ಸೀಳಿಕೊಂಡು ಹರಿಯುವ ನೀರು. ಮೇಲ್ಗಡೆ ಕಾಡ್ಲೂರಿನ ಬಳಿ ಭೀಮೆಯನ್ನೂ ಕೂಡಿಸಿಕೊಂಡು ಬಂದ ಕೃಷ್ಣೆ ಇದು. ಸೂರ್ಯ ಕೆಳದಂಡೆಯಿಂದ ಏರುತ್ತಿದ್ದಾನೆ. ಬಂಡೆಯ ನೆರಳಿನಲ್ಲಿ ಒಂದು ಹರಗೋಲು, ಅದರೊಳಗೆ ಬಲೆ ಬಿಡಿಸುತ್ತಿರುವ ಇಬ್ಬರು. ಬಸ್ಸಿನ ಕಿಟಕಿಗೆ ಇದು ಕಾಣುವುದಿಲ್ಲ, ಕಾರಿಗೆ ನಿಲ್ಲಲು ಜಾಗವಿಲ್ಲ. ಭಾರದ ವಾಹನಗಳಿಗೆ ಬೇರೆ ಸೇತುವೆ ಇರಲಿ. ಈ ಹಳೆಯದನ್ನು ಕೆಡವದೆ, ದುರಸ್ತಿಯಲ್ಲಿಟ್ಟು, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಬೇಕು. ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ.

ಆಚೆ ದಂಡೆಗೆ ಗಾಲಿ ಇಳಿಯಿತು. ಸೇತುವೆ ಮುಗಿದ ವರ್ಷ ಎರಡೂ ದಂಡೆ ಒಂದೇ ಸಂಸ್ಥಾನ. 1956ರಲ್ಲಿ ನಡುವೆ ಗಡಿ ಬಿತ್ತು. ಈಗಿದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ಚಹದ ಅಂಗಡಿಯ ಫಲಕ ತೆಲುಗಿನದು. ಒಲೆ ಮುಂದೆ ಕೂತ ಅವ್ವ ನನ್ನ ಹಣೆ ನೋಡಿ ಕನ್ನಡದಲ್ಲೇ ಕೇಳಿದಳು:

"ಗುಡಿಗಿ ಹೋಗಿ ಬಂದ್ಯೇನಪ್ಪ? ಗದ್ದಲ ಇತ್ತೇನು?"

"ಇಲ್ಲವ್ವ, ಆರಾಮ ದರ್ಶನ ಆತು."

"ನನ್ನ ತವರುಮನಿ ಅದೇ ಓಣಿ," ಎಂದು ಹೊಳೆಯಾಚೆ ಕೈ ತೋರಿಸಿ, ಲೋಟಕ್ಕೆ ಇನ್ನಷ್ಟು ಚಹ ಸುರಿದಳು.